ಮಗುವಿಗೆ ಧೈರ್ಯ ಹೇಳಿದ್ದು ಸಾಕು, ಕ್ಲಾಸಿಗೂ ಸ್ವಲ್ಪ ಹೇಳಿ

ಮಾನ್ಯ ಸಂಪಾದಕರೇ,

ಜೂನ್ ಬಂತು ಅಂದ್ರೆ ಬ್ಯಾಗು, ಯೂನಿಫಾರ್ಮು, ಫೀಸು ಇದೇ ಮಾತು. ಸೀಳುತುಟಿ ಆಪರೇಷನ್ ಆಗಿರೋ ಮಗು ಮೊದಲ ಸಲ ಶಾಲೆಗೆ ಹೊರಟಾಗ ಆ ಮನೇಲಿ ಏನು ನಡೆಯುತ್ತೆ ಅಂತ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ.

ನನ್ನ ತಂಗಿ ಮಗನಿಗೆ ತುಟಿ ಆಪರೇಷನ್ ಕೈಗೂಸಲ್ಲೇ ಆಯ್ತು, ಅಂಗುಳದ್ದು ವರ್ಷ ತುಂಬಿದ ಮೇಲೆ. ಈಗ ತುಟಿ ಮೇಲೊಂದು ಗೆರೆ, ಮೂಗು ಒಂದು ಕಡೆ ಚಪ್ಪಟೆ, ಮಾತು ಸ್ವಲ್ಪ ಮೂಗಲ್ಲಿ ಬರುತ್ತೆ ಅಷ್ಟೇ. ಆದ್ರೂ ಅಡ್ಮಿಶನ್ ಟೈಮಲ್ಲಿ ದೊಡ್ಡ ರಾದ್ಧಾಂತ, ಇನ್ನೊಂದು ವರ್ಷ ತಡೆಯೋಣ ಅಂತ ಅವರಪ್ಪ, ಈಗಲೇ ಹೋಗ್ಲಿ ಅಂತ ತಂಗಿ, ನಡುವೆ ಅವಳ ಅತ್ತೆ ಮತ್ತೆ ಅದೇ ಗ್ರಹಣದ ಕಥೆ ತೆಗೆದ್ರು, ಬಸುರೀಲಿ ಹೊರಗೆ ಬಂದಿದ್ದಕ್ಕೇ ಹೀಗಾಯ್ತು ಅಂತ. ಮಗುವಿನ ತುಟಿ ಕೂಡಿಕೊಳ್ಳೋದು ಗರ್ಭದ ಏಳನೇ ವಾರದೊಳಗೆ, ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿ ಅಂತಾನೇ ಗೊತ್ತಿರಲ್ಲ, ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ಇನ್ನೆಷ್ಟು ತಾಯಂದಿರು ಈ ಮಾತು ಕೇಳಬೇಕೋ!

ಶಾಲೇಲಿ ಮಕ್ಕಳು ‘ನಿನ್ ಬಾಯಿಗೆ ಏನಾಯ್ತು’ ಅಂತ ಕೇಳಿದ್ರು. ಕೇಳ್ಲಿ, ಮಕ್ಕಳಲ್ವಾ. ಆದ್ರೆ ಉತ್ತರ ಹೇಳೋರು ಯಾರೂ ಇರ್ಲಿಲ್ಲ, ಹಾಗೆಲ್ಲ ಕೇಳಬಾರದು ಅಂತ ಮಿಸ್ಸು ಬಾಯಿ ಮುಚ್ಚಿಸಿದ್ರು, ಮಾರನೇ ದಿನದಿಂದ ಅವನ ಪಕ್ಕ ಕೂರೋಕೆ ಮಕ್ಕಳು ಹೆದರಿದ್ರು. ಮಾತು ಸ್ಪಷ್ಟ ಇಲ್ಲ ಅಂತ ಪ್ರಾರ್ಥನೆ ಹಾಡೋ ಗುಂಪಿಂದಾನೂ ಬಿಟ್ರು. ಅಂಗುಳ ಹೊಲಿದ ಎಷ್ಟೋ ಮಕ್ಕಳಿಗೆ ಸ್ಪೀಚ್ ಥೆರಪಿ ಬೇಕಾಗುತ್ತೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಅದು ಸಿಗುತ್ತೆ ಕೂಡ, ಆದ್ರೆ ಮಾತಾಡೋಕೇ ಬಿಡದಿದ್ರೆ ಯಾವ ಥೆರಪಿ ತಾನೇ ಏನು ಮಾಡೀತು? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಮಾನಸಿಕ ಕಿರುಕುಳ ಕೊಡಬಾರದು ಅನ್ನುತ್ತೆ, ಹೀಗೆ ಹೊರಗಿಡೋದೂ ಕಿರುಕುಳವೇ ಅಂತ ನಾನು ಹೇಳ್ತೀನಿ.

ಮನೇಲಿ ಅವನಿಗೆ ನಾವೆಲ್ಲ ಧೈರ್ಯ ಹೇಳಿದ್ದೇ ಹೇಳಿದ್ದು, ಐದಾರು ವರ್ಷದ ಮಗು ಒಂದೇ ಎಷ್ಟು ಅಂತ ಹೊರಬೇಕು. ಸೇರಿದ ಮೊದಲ ವಾರದಲ್ಲೇ ತಂದೆತಾಯಿ ಒಪ್ಪಿಗೆ ತಗೊಂಡು, ಮಗೂನೂ ಕೇಳಿ, ಟೀಚರ್ರೇ ಕ್ಲಾಸಿಗೆ ಹೇಳ್ಲಿ, ಹುಟ್ಟುವಾಗ ತುಟಿ ಕೂಡಿರ್ಲಿಲ್ಲ, ಡಾಕ್ಟ್ರು ಹೊಲಿದಿದ್ದಾರೆ, ಇದು ಅಂಟೋ ಕಾಯಿಲೆ ಅಲ್ಲ ಅಂತ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟೀಲಿ ಸೀಳುತುಟಿನೂ ಇದೆ, ತಪಾಸಣೆಗೆ ಸರ್ಕಾರಿ ಶಾಲೆಗೆ ಬರೋ ಆ ಡಾಕ್ಟರ್ ಟೀಮೇ ಟೀಚರ್‌ಗಳಿಗೆ ಇದನ್ನ ಹೇಳಿಕೊಡಬಹುದು, ಖಾಸಗಿ ಶಾಲೆಗಳಿಗೆ ಶಿಕ್ಷಣ ಇಲಾಖೆ ಒಂದು ಸುತ್ತೋಲೆ ಕಳಿಸಿದ್ರೂ ಸಾಕು. ದಯವಿಟ್ಟು ಈ ವರ್ಷವೇ ಮಾಡ್ಲಿ.

– ಮಗುವಿನ ದೊಡ್ಡಮ್ಮ, ಹಾಸನ