ಮರೀನಾ ಬರಲಿ, ಬೀಗ ಹಾಕಿದ ಮನೆಗಳು ಬೇಡ

ಮಾನ್ಯ ಸಂಪಾದಕರೇ,

ಕಾರವಾರಕ್ಕೊಂದು ಮರೀನಾ ಬೇಕು, ಜೊತೆಗೆ ನೀರಿನ ದಂಡೆಯಲ್ಲಿ ಒಂದಿಷ್ಟು ಮನೆಗಳೂ ಬೇಕು ಎಂದರೆ ನಮ್ಮೂರಲ್ಲಿ ಎರಡೇ ಉತ್ತರ ಸಿಗುತ್ತವೆ. 'ದುಡ್ಡಿದ್ದವರ ಆಟ ಅದು' ಎನ್ನುವುದು ಒಂದು. 'ನಾವೂ ಗೋವಾ ಆಗಿಬಿಡುತ್ತೇವೆ' ಎನ್ನುವುದು ಇನ್ನೊಂದು. ನಾನು ಬೋಟ್ ಎಂಜಿನ್ ರಿಪೇರಿ ಮಾಡುವವನು. ದಿನದ ಅರ್ಧ ಹೊತ್ತು ಬೈತಖೋಲ ಬಂದರಿನಲ್ಲೇ ಇರುತ್ತೇನೆ. ನನಗೆ ಮರೀನಾ ಬೇಕು.

ಮರೀನಾ ಎಂದರೆ ಬಿಳಿ ಹಾಯಿ, ಕಪ್ಪು ಕನ್ನಡಕ ಮಾತ್ರ ಅಲ್ಲ. ಸಣ್ಣ ಬೋಟುಗಳಿಗೆ ನಿಲ್ಲಲು ಜಾಗ, ಡೀಸೆಲ್, ಕುಡಿಯುವ ನೀರು, ಕರೆಂಟು, ರಿಪೇರಿ ಎಲ್ಲ ಒಂದೇ ಕಡೆ ಸಿಗುವ ಬಂದರು ಅದು. 2019ರ ಅಕ್ಟೋಬರಿನಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ ಹೊರ ರಾಜ್ಯದ ಬೋಟುಗಳೂ ಆಸರೆಗೆ ಓಡಿ ಬಂದಿದ್ದು ಇಲ್ಲಿಗೇ. ಗುಡ್ಡದ ಮರೆ, ದ್ವೀಪಗಳ ಮರೆ ಎರಡೂ ಇರುವ ಇಂಥ ಕಡಲು ಎಲ್ಲರಿಗೂ ಸಿಗುವುದಿಲ್ಲ.

ಇಳಿತದ ಹೊತ್ತಿನಲ್ಲಿ ನಮ್ಮ ಧಕ್ಕೆಯ (ಬೋಟು ಕಟ್ಟುವ ಕಟ್ಟೆಯ) ಮೇಲೆ ಬಂದು ನಿಂತು ನೋಡಿ. ಅಮಾವಾಸ್ಯೆ, ಹುಣ್ಣಿಮೆಗೆ ಇಲ್ಲಿ ನೀರು ಸುಮಾರು 2 ಮೀಟರ್ ಏರಿ ಇಳಿಯುತ್ತದೆ. ಕಾಂಕ್ರೀಟ್ ಧಕ್ಕೆ ಇದ್ದಲ್ಲೇ ಇರುತ್ತದೆ, ಬೋಟು ಕೆಳಗೆ ಹೋಗಿರುತ್ತದೆ. ಗೇರ್‌ಬಾಕ್ಸ್ ಇಳಿಸಬೇಕೆಂದರೆ ಮೇಲೊಬ್ಬ ಹಗ್ಗ ಬಿಡುತ್ತಾನೆ. ಕೆಳಗಿನವನು ಧಕ್ಕೆಗೆ ಕಟ್ಟಿದ ಟೈರಿನ ಮೇಲೊಂದು ಕಾಲು, ಬೋಟಿನ ಅಂಚಿನ ಮೇಲೊಂದು ಕಾಲು ಇಟ್ಟು ಕೈ ಚಾಚಿ ನಿಂತಿರುತ್ತಾನೆ. ಅಷ್ಟರಲ್ಲಿ ಪಕ್ಕದ ಬೋಟು ಹೊರಟಿತೋ, ಗೇರ್‌ಬಾಕ್ಸ್ ಸಮೇತ ಎಲ್ಲರೂ ತೂಗಾಡುತ್ತಾರೆ. ಮರೀನಾದಲ್ಲಿ ತೇಲುವ ಧಕ್ಕೆ ಇರುತ್ತದೆ. ನೀರಿನ ಜೊತೆ ಅದೂ ಏರುತ್ತದೆ, ಇಳಿಯುತ್ತದೆ. ಯಾವ ಹೊತ್ತಿಗೂ ಮೆಟ್ಟಿಲು ದಾಟಿದಂತೆ ದಾಟಬಹುದು. ಆ ಧಕ್ಕೆಯಲ್ಲಿ ಮೀನುಗಾರರ ಸಣ್ಣ ದೋಣಿಗೂ ಪಾಲಿರಬೇಕು. ಇದು ನನ್ನ ಮೊದಲ ಷರತ್ತು.

'ಮಳೆಗಾಲದಲ್ಲಿ ನಾಲ್ಕು ತಿಂಗಳು ಖಾಲಿ ಹೊಡೆಯುತ್ತದೆ ಅಲ್ವಾ?' ಎಂದು ಕೇಳುತ್ತಾರೆ. ನಿಜವಾದ ಕೆಲಸ ಇರುವುದೇ ಆಗ. ಮೋಜಿನ ಬೋಟುಗಳನ್ನು ಜೂನ್‌ಗೆ ಮುಂಚೆ ನೀರಿನಿಂದ ಎತ್ತಿ ದಡದಲ್ಲಿ ಇಡಲೇಬೇಕು. ತಳಕ್ಕೆ ಹಿಡಿದ ಚಿಪ್ಪು ಕೆರೆಯಬೇಕು, ಫೈಬರಿನ ಬಿರುಕು ಮುಚ್ಚಬೇಕು, ಶಾಫ್ಟ್ ಬಿಚ್ಚಿ ನೋಡಬೇಕು, ಪೇಂಟ್ ಹೊಡೆಯಬೇಕು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೋಟಿನ ಮೇಲೆ ದುಡಿಯುವವರಿಗೆ ಸಂಪಾದನೆ ಇಲ್ಲ. ಗೋವಾದ ಬೋಟುಗಳಿಗೆ ಇಲ್ಲಿ ಒಂದು ಒಳ್ಳೆಯ ಯಾರ್ಡ್ ಸಿಕ್ಕರೆ ಈ ಎರಡೂ ಲೆಕ್ಕ ಕೂಡುತ್ತವೆ. ಈಗ ನನ್ನ ಹತ್ತಿರ ಕೆಲಸ ಕಲಿತ ಹುಡುಗರು ರೈಲು ಹತ್ತಿ ಮಡಗಾಂವ್ ಕಡೆ ಹೋಗುತ್ತಾರೆ. ಹಾಗಾಗಿ ಮೊದಲು ಯಾರ್ಡ್ ಕಟ್ಟಿ, ಕ್ಲಬ್ ಹೌಸ್ ಆಮೇಲೆ ನೋಡೋಣ.

ಇನ್ನು ಹೊಲಸಿನ ಮಾತು. ಬೋಟಿನ ತಳದಲ್ಲಿ ಎಣ್ಣೆ ಬೆರೆತ ನೀರು ನಿಲ್ಲುತ್ತದೆ. ಈಗ ಅದನ್ನು ಎಷ್ಟೋ ಜನ ಕಡಲಿಗೇ ಪಂಪ್ ಮಾಡುತ್ತಾರೆ. ಕೊಡೋಣ ಎಂದರೆ ತೆಗೆದುಕೊಳ್ಳುವವರೂ ಬೇಕಲ್ಲ. ಮರೀನಾದಲ್ಲಿ ಅದಕ್ಕೊಂದು ಟ್ಯಾಂಕ್ ಇಡಬಹುದು. ಬೋಟು ತೊಳೆಯುವ ಕಟ್ಟೆಗೆ ಸುತ್ತ ಚರಂಡಿ ಮಾಡಿ, ಕೆರೆದ ಪೇಂಟನ್ನು ಅಲ್ಲೇ ಹಿಡಿಯಬಹುದು. ತಳಕ್ಕೆ ಹೊಡೆಯುವ ಪೇಂಟು ಚಿಪ್ಪು ಹಿಡಿಯದಂತೆ ಮಾಡುವ ವಿಷ. ಅದು ಕಾಳಿ ನದಿಗೆ ಇಳಿದರೆ ಬಳಚು (ಚಿಪ್ಪುಮೀನು) ಆರಿಸಿ ಬದುಕುವ ಹೆಂಗಸರ ಬುಟ್ಟಿಗೇ ಹೊಡೆತ. ಈ ಏರ್ಪಾಡು ಇಲ್ಲದೆ ಎರಡು ಸೋಲಾರ್ ದೀಪ ನೆಟ್ಟು 'ಪರಿಸರಸ್ನೇಹಿ' ಎಂದು ಬೋರ್ಡ್ ಹಾಕಿದರೆ ನಾನೇ ವಿರೋಧಿಸುತ್ತೇನೆ.

ಜಾಗ ಯಾವುದು ಎಂದು ಎಂಜಿನಿಯರುಗಳು ಹೇಳಲಿ. ಎಲ್ಲಿ ಬೇಡ ಎಂದು ನಾನು ಹೇಳಬಲ್ಲೆ. ಟ್ಯಾಗೋರ್ ಕಡಲತೀರದಲ್ಲಿ ಬೇಡ. ಬಂದರು ವಿಸ್ತರಣೆಗೆ ಅಲ್ಲಿ ತಡೆಗೋಡೆ ಕಟ್ಟಲು ಹೊರಟಾಗ 2020ರ ಜನವರಿಯಲ್ಲಿ ಊರಿಗೆ ಊರೇ ಬೀದಿಗೆ ಇಳಿದಿತ್ತು. ಅದು ಸರಿಯಾಗಿಯೇ ಇತ್ತು. ಕಾಳಿ ಸೇತುವೆ ದಾಟಿ ನದಿಯ ಮೇಲ್ಗಡೆ ಮಾಡೋಣ ಎನ್ನುವವರು, ಸೇತುವೆಯ ಅಡಿ ನುಸುಳಬೇಕಾದ ಹಾಯಿದೋಣಿಯ ಕಂಬ ಎಷ್ಟು ಎತ್ತರ ಇರುತ್ತದೆ ಎಂದು ಒಮ್ಮೆ ನೋಡಲಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಕಡಿದಂತೂ ಬೇಡವೇ ಬೇಡ. 1,000 ಚದರ ಮೀಟರಿಗಿಂತ ಜಾಸ್ತಿ ಕಾಂಡ್ಲಾ ಇದ್ದರೆ ಸುತ್ತ 50 ಮೀಟರ್ ಬಿಡಬೇಕು ಎಂದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವೇ ಹೇಳುತ್ತದೆ.

ಮನೆಗಳ ವಿಷಯಕ್ಕೆ ಬರೋಣ. ಒಂದು ಕಡೆ ಗುಡ್ಡ, ಒಂದು ಕಡೆ ಕಡಲು, ಅರಗಾ ಕಡೆಗೆ ನೌಕಾನೆಲೆ. ಊರು ಬೆಳೆಯಲು ಜಾಗ ಎಲ್ಲಿದೆ? ಬಾಡಿಗೆ ಮನೆ ಹುಡುಕಿದವರಿಗೆ ಗೊತ್ತು. ಅದಕ್ಕೇ ಒಂದೇ ಕಡೆ, ಒತ್ತಾಗಿ, ಯೋಚಿಸಿ ಕಟ್ಟಿದ ಮನೆಗಳು ಬೇಕು ಎನ್ನುತ್ತೇನೆ. ಆದರೆ ವರ್ಷಕ್ಕೆ ಎರಡು ವಾರ ಬಂದು ಹೋಗುವವರಿಗೆ ಮಾರಿದರೆ ಸತ್ತ ಬೀದಿ ಆಗುತ್ತದೆ. ಅಂಗಡಿಯವನಿಗೆ ಒಂದು ಲೀಟರ್ ಹಾಲೂ ಖರ್ಚಾಗುವುದಿಲ್ಲ. ಅರ್ಧದಷ್ಟಾದರೂ ಮನೆ ಇಲ್ಲೇ ದುಡಿಯುವ ಮಾಸ್ತರರಿಗೆ, ನರ್ಸ್‌ಗಳಿಗೆ, ಬೋಟಿನ ಕೆಲಸದವರಿಗೆ ವರ್ಷಪೂರ್ತಿ ಬಾಡಿಗೆಗೆ ಸಿಗಬೇಕು. ನೆಲಮಹಡಿ ಖಾಲಿ ಬಿಟ್ಟು ಕಂಬದ ಮೇಲೆ ಕಟ್ಟಲಿ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ಗೇಟು ತೆಗೆದಾಗ ಕಾಳಿ ಎಲ್ಲೆಲ್ಲಿ ಹತ್ತಿತ್ತು ಎಂದು ದಂಡೆಯ ಜನ ಗೋಡೆ ಮುಟ್ಟಿ ತೋರಿಸುತ್ತಾರೆ. ನಕ್ಷೆ ಬರೆಯುವವರು ಅದಕ್ಕಿಂತ ಮೇಲೆಯೇ ಗೆರೆ ಎಳೆಯಲಿ. ದಂಡೆಯಲ್ಲಿ ಬೋರ್‌ವೆಲ್ ಬೇಡ, ಅಕ್ಕಪಕ್ಕದ ಬಾವಿಗೆ ಉಪ್ಪು ನುಗ್ಗುತ್ತದೆ. ಇಷ್ಟು ಮಳೆ ಸುರಿಯುವ ಊರಲ್ಲಿ ಸೂರಿನ ನೀರು ಹಿಡಿಯದಿದ್ದರೆ ಅದು ಸೋಮಾರಿತನ ಅಷ್ಟೇ.

ನೌಕಾನೆಲೆ ಪಕ್ಕದಲ್ಲೇ ಇರುವಾಗ ವಿದೇಶಿ ಬೋಟು ಬಿಡುತ್ತಾರಾ ಎನ್ನುವ ಪ್ರಶ್ನೆಯೂ ಇದೆ. ಬಿಡದಿದ್ದರೆ ಬೇಡ. ನಾವು ಅವರನ್ನೇ ನಂಬಿ ಕೂತಿಲ್ಲ.

ಒಂದು ಕೋರಿಕೆ. ಇಂಥ ಯೋಜನೆ ಬಂದರೆ ನಕ್ಷೆಯನ್ನು ಸುಮ್ನೆ ಕಚೇರಿಯ ಕಪಾಟಿನಲ್ಲಿ ಇಡಬೇಡಿ. ಕನ್ನಡದಲ್ಲಿ, ಕೊಂಕಣಿಯಲ್ಲಿ ವಿವರ ಬರೆದು ಮೀನು ಮಾರ್ಕೆಟ್ಟಿನ ಗೋಡೆಗೆ ಹಚ್ಚಿ. ಸಾರ್ವಜನಿಕ ಅಹವಾಲು ಸಭೆಯನ್ನು ಮಧ್ಯಾಹ್ನ ಮೂರರ ನಂತರ ಇಟ್ಟುಕೊಳ್ಳಿ. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಧಕ್ಕೆಯವರು ಯಾರೂ ಬರಲು ಆಗುವುದಿಲ್ಲ.

– ಒಬ್ಬ ಬೋಟ್ ಮೆಕ್ಯಾನಿಕ್, ಕೋಡಿಬಾಗ, ಕಾರವಾರ