ಆಟವಾಡಲು ವಿಂಡೋಸೇ ಬೇಕೆಂಬ ಮಾತು ಈಗ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ಮೈಕ್ರೊಸಾಫ್ಟ್ ಕಂಪನಿಯು 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲವನ್ನು ನಿಲ್ಲಿಸಿದ ಮೇಲೆ, ಹಳೆಯ ಕಂಪ್ಯೂಟರ್ ಇಟ್ಟುಕೊಂಡವರು ಏನು ಮಾಡಬೇಕು ಎಂಬ ಚರ್ಚೆ ಮನೆಮನೆಯಲ್ಲೂ ನಡೆದಿದೆ. ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡು. ಒಂದು ವರ್ಷದ ಹೆಚ್ಚುವರಿ ಸುರಕ್ಷತಾ ಅಪ್‌ಡೇಟುಗಳಿಗೆ ಹೆಸರು ನೋಂದಾಯಿಸಿ. ಇಲ್ಲವೇ ಹೊಸ ಕಂಪ್ಯೂಟರ್ ಕೊಳ್ಳಿ. ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಇದೆ ಎಂದು ಯಾರಾದರೂ ನೆನಪಿಸಿದರೂ, ‘ಗೇಮ್ ಆಡುವ ಮಕ್ಕಳಿರುವ ಮನೆಗೆ ಅದು ಆಗುವುದಿಲ್ಲ’ ಎಂಬ ಮಾತು ಕೂಡಲೇ ಬಂದು ಚರ್ಚೆ ಅಲ್ಲಿಗೇ ಮುಗಿಯುತ್ತದೆ. ಪದವಿ ಕಾಲೇಜಿನಲ್ಲಿ ಗಣಕವಿಜ್ಞಾನ ಕಲಿಸುವವನಾಗಿ, ಆಟಗಳಲ್ಲಿ ಆಸಕ್ತಿ ಉಳ್ಳವನಾಗಿ ನಾನು ಹೇಳಬೇಕಾಗಿರುವುದು ಇಷ್ಟು: ಹತ್ತು ವರ್ಷಗಳ ಹಿಂದೆ ಆ ಮಾತು ನಿಜವಾಗಿತ್ತು. ಇಂದು ಅದರ ಬಹುಪಾಲು ನಿಜವಲ್ಲ. ನಿಜವಾಗಿ ಉಳಿದಿರುವ ಪಾಲಿಗೂ ಕಾರಣ ತಂತ್ರಜ್ಞಾನದ ಕೊರತೆಯಲ್ಲ, ಕೆಲವು ಕಂಪನಿಗಳು ತಿಳಿದೂ ತಿಳಿದೂ ತೆಗೆದುಕೊಂಡ ತೀರ್ಮಾನ.

ವಿಂಡೋಸ್ 11 ಅನ್ನು ಅಧಿಕೃತವಾಗಿ ಹಾಕಿಕೊಳ್ಳಲು ಕಂಪ್ಯೂಟರಿನಲ್ಲಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇರಬೇಕು, ಪ್ರೊಸೆಸರ್ ಮೈಕ್ರೊಸಾಫ್ಟಿನ ಪಟ್ಟಿಯಲ್ಲಿರಬೇಕು. ಇಂಟೆಲ್‌ನ ಏಳನೆಯ ಪೀಳಿಗೆಯ ಹೆಚ್ಚುಕಡಿಮೆ ಎಲ್ಲ ಪ್ರೊಸೆಸರುಗಳೂ ಎಎಂಡಿಯ ಮೊದಲ ಪೀಳಿಗೆಯ ರೈಜನ್‌ಗಳೂ ಆ ಪಟ್ಟಿಯಲ್ಲಿಲ್ಲ. ಐ5 7400 ಪ್ರೊಸೆಸರು, ಅದರ ಜೊತೆಗೆ ಎನ್‌ವಿಡಿಯಾದ ಜಿಟಿಎಕ್ಸ್ 1050 ಟಿಐ ಗ್ರಾಫಿಕ್ಸ್ ಕಾರ್ಡು: ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಬಿಡಿಭಾಗಗಳನ್ನು ಆರಿಸಿ, ಅಪ್ಪ ಅಮ್ಮ ಕೂಡಿಟ್ಟ ಹಣದಲ್ಲಿ ಜೋಡಿಸಿಕೊಂಡ ಇಂಥ ಕಂಪ್ಯೂಟರುಗಳು ರಾಜ್ಯದ ಎಷ್ಟೋ ಊರುಗಳಲ್ಲಿ ಇಂದಿಗೂ ಕೆಲಸ ಮಾಡುತ್ತಿವೆ. ಅವು ಕೆಟ್ಟಿಲ್ಲ, ಸೋತಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂಬ ಒಂದೇ ಕಾರಣಕ್ಕೆ ಅವನ್ನು ಗುಜರಿಗೆ ಹಾಕಿ ಮತ್ತೆ ಅರ್ಧ ಲಕ್ಷ ರೂಪಾಯಿ ಹೊಂದಿಸಿ ಎಂದು ಮಧ್ಯಮ ವರ್ಗದ ಕುಟುಂಬಕ್ಕೆ ಹೇಳುವ ಮೊದಲು, ಇರುವ ಯಂತ್ರದಲ್ಲಿ ಇನ್ನೇನು ಸಾಧ್ಯ ಎಂಬುದನ್ನು ಪೂರ್ತಿಯಾಗಿ ತಿಳಿಸುವುದು ನ್ಯಾಯ.

ಈ ಬದಲಾವಣೆ ಹೇಗೆ ಬಂತು ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ಕಂಪ್ಯೂಟರ್ ಆಟಗಳ ಅತಿ ದೊಡ್ಡ ಅಂಗಡಿಯಾದ ಸ್ಟೀಮ್ ಅನ್ನು ನಡೆಸುವ ವಾಲ್ವ್ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್, ವಿಂಡೋಸ್ 8 ಬರುತ್ತಿದ್ದ 2012ರಲ್ಲಿ ಅದನ್ನು ಬಹಿರಂಗವಾಗಿ ಟೀಕಿಸಿದರು. ಮೈಕ್ರೊಸಾಫ್ಟ್ ತನ್ನದೇ ಅಂಗಡಿಯನ್ನು ವಿಂಡೋಸಿನೊಳಗೆ ಕೂರಿಸುತ್ತಿದ್ದುದು ಅವರ ವ್ಯಾಪಾರಕ್ಕೆ ನೇರವಾದ ಬೆದರಿಕೆಯಾಗಿತ್ತು. ಹಾಗಾಗಿ ವಾಲ್ವ್ ಲಿನಕ್ಸಿನತ್ತ ತಿರುಗಿದ್ದು ಧರ್ಮಕಾರ್ಯಕ್ಕಲ್ಲ, ಸ್ವಂತ ಹಿತಕ್ಕೆ. 2013ರಲ್ಲಿ ಸ್ಟೀಮ್ ಲಿನಕ್ಸಿಗೆ ಬಂತು; 2015ರಲ್ಲಿ ಸ್ಟೀಮ್ ಮಷಿನ್ ಎಂಬ ಯಂತ್ರಗಳೂ ಮಾರುಕಟ್ಟೆಗೆ ಬಂದು ಸೋತವು. ಆಟ ತಯಾರಿಸುವವರು ಲಿನಕ್ಸಿಗಾಗಿ ಪ್ರತ್ಯೇಕ ಆವೃತ್ತಿ ಮಾಡಲಿ ಎಂದು ಕಾದು ಕೂತದ್ದೇ ಆ ಸೋಲಿನ ಮುಖ್ಯ ಕಾರಣ. ಕೊಳ್ಳುವವರಿಲ್ಲದ ಕಡೆಗೆ ಯಾರೂ ಆಟ ತರುವುದಿಲ್ಲ, ಆಟವಿಲ್ಲದ ಕಡೆಗೆ ಕೊಳ್ಳುವವರು ಬರುವುದಿಲ್ಲ.

ಆ ಗಂಟನ್ನು ಬಿಚ್ಚಿದ್ದು 2018ರ ಆಗಸ್ಟಿನಲ್ಲಿ ಬಿಡುಗಡೆಯಾದ ಪ್ರೋಟಾನ್. ಇದರ ಅಡಿಪಾಯ, ಸ್ವಯಂಸೇವಕರು 1993ರಿಂದಲೇ ಕಟ್ಟುತ್ತ ಬಂದಿದ್ದ ವೈನ್ ಎಂಬ ಮುಕ್ತ ತಂತ್ರಾಂಶ. ವಿಂಡೋಸಿಗಾಗಿ ಬರೆದ ಆಟವು ಫೈಲು ತೆರೆ, ಧ್ವನಿ ಹೊರಡಿಸು, ಚಿತ್ರ ಬಿಡಿಸು ಎಂದು ವಿಂಡೋಸನ್ನು ಕೇಳುವ ಪ್ರತಿಯೊಂದು ಕೋರಿಕೆಯನ್ನೂ ಪ್ರೋಟಾನ್ ಒಬ್ಬ ನುರಿತ ದುಭಾಷಿಯಂತೆ ಲಿನಕ್ಸಿಗೆ ತಿಳಿಯುವ ಕೋರಿಕೆಯಾಗಿ ಬದಲಿಸಿ ಕೊಡುತ್ತದೆ. ಇಡೀ ವಿಂಡೋಸನ್ನು ಒಳಗೆ ನಕಲು ಮಾಡಿ ಓಡಿಸುವುದಿಲ್ಲವಾದ್ದರಿಂದ ವೇಗ ಹೆಚ್ಚೇನೂ ಕುಗ್ಗುವುದಿಲ್ಲ. ಎಲ್ಲಕ್ಕಿಂತ ಕಷ್ಟದ ಭಾಗ ಚಿತ್ರದ್ದು. ಹೆಚ್ಚಿನ ಆಟಗಳು ಚಿತ್ರ ಬಿಡಿಸಲು ಮೈಕ್ರೊಸಾಫ್ಟಿನ ಡೈರೆಕ್ಟ್‌ಎಕ್ಸ್ ಅನ್ನೇ ನೆಚ್ಚಿಕೊಂಡಿವೆ. ಅದನ್ನು 2016ರಲ್ಲಿ ಬಂದ ಮುಕ್ತ ಮಾನದಂಡವಾದ ವಲ್ಕನ್‌ಗೆ ಬದಲಿಸುವ ಡಿಎಕ್ಸ್‌ವಿಕೆ ಎಂಬ ತಂತ್ರಾಂಶವನ್ನು ಆರಂಭಿಸಿದ್ದು ಫಿಲಿಪ್ ರೆಬೋಲೆ ಎಂಬ ಒಬ್ಬ ವ್ಯಕ್ತಿ, ಅದೂ ನಿಯರ್: ಆಟೊಮಾಟ ಎಂಬ ಆಟವನ್ನು ತನ್ನ ಲಿನಕ್ಸ್ ಯಂತ್ರದಲ್ಲಿ ಆಡಬೇಕೆಂಬ ಹಂಬಲದಿಂದ. ಒಬ್ಬ ಆಟಗಾರನ ಆಸೆಯಿಂದ ಹುಟ್ಟಿದ ಕೆಲಸಕ್ಕೆ ವಾಲ್ವ್ ಹಣ ಒದಗಿಸಿತು. ಇಂದು ಅದು ಲಕ್ಷಾಂತರ ಜನರ ಯಂತ್ರಗಳಲ್ಲಿದೆ. ನನ್ನ ವಿದ್ಯಾರ್ಥಿಗಳಿಗೆ ಮುಕ್ತ ತಂತ್ರಾಂಶದ ಬಗ್ಗೆ ಹೇಳುವಾಗ ನಾನು ಮೊದಲು ಎತ್ತಿಕೊಳ್ಳುವ ಉದಾಹರಣೆಯೇ ಇದು.

ವಾಲ್ವ್ 2022ರ ಫೆಬ್ರುವರಿಯಲ್ಲಿ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು ತಂದಿತು. ಅದರೊಳಗಿರುವ ಸ್ಟೀಮ್‌ಓಎಸ್, ಆರ್ಚ್ ಎಂಬ ಲಿನಕ್ಸ್ ರೂಪವನ್ನು ಆಧರಿಸಿದ ವ್ಯವಸ್ಥೆ. ಡೆಕ್ ಮೊದಲು ಮಾರಾಟಕ್ಕೆ ಬಂದ ದೇಶಗಳಲ್ಲಿ ಭಾರತ ಇರಲಿಲ್ಲ, ಆದರೆ ಅದಕ್ಕಾಗಿ ನಡೆದ ದುರಸ್ತಿ ಕೆಲಸದ ಫಲ ಲಿನಕ್ಸ್ ಬಳಸುವ ಎಲ್ಲರಿಗೂ ದಕ್ಕಿತು. ಎಲ್ಡನ್ ರಿಂಗ್ ಬಿಡುಗಡೆಯಾದಾಗ ವಿಂಡೋಸಿನಲ್ಲಿ ಆಟ ನಡುನಡುವೆ ತಡವರಿಸುತ್ತಿದೆ ಎಂದು ಆಟಗಾರರು ದೂರಿದ್ದರು. ಪ್ರೋಟಾನ್ ತಂಡವು ತನ್ನ ಕಡೆಯಿಂದಲೇ ಅದಕ್ಕೆ ಪರಿಹಾರ ಒದಗಿಸಿತು. ಸ್ಟೀಮ್ ನಡೆಸುವ ಮಾಸಿಕ ಸಮೀಕ್ಷೆಯಲ್ಲಿ ಲಿನಕ್ಸ್ ಬಳಸುವವರ ಪಾಲು 2025ರ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ಶೇ 3ನ್ನು ದಾಟಿದೆ. ಸಂಖ್ಯೆ ಚಿಕ್ಕದು ನಿಜ, ಆದರೆ ವರ್ಷಗಟ್ಟಲೆ ಶೇ 1ರ ಆಸುಪಾಸಿನಲ್ಲೇ ಇದ್ದದ್ದು ಅದು.

ಒಬ್ಬರೇ ಕೂತು ಆಡುವ ಆಟಗಳ ಮಟ್ಟಿಗೆ, ಸೈಬರ್‌ಪಂಕ್ 2077, ವಿಚರ್ 3, ರೆಡ್ ಡೆಡ್ ರಿಡೆಂಪ್ಷನ್ 2 ಮುಂತಾದ ದೊಡ್ಡ ಆಟಗಳೆಲ್ಲ ಲಿನಕ್ಸಿನಲ್ಲಿ ನಡೆಯುತ್ತವೆ. ಕೌಂಟರ್-ಸ್ಟ್ರೈಕ್ 2, ಡೋಟ 2, ಸ್ಟಾರ್‌ಡ್ಯೂ ವ್ಯಾಲಿ, ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಗಳಿಗೆ ಪ್ರೋಟಾನ್ ಕೂಡ ಬೇಕಿಲ್ಲ. ನಿರ್ದಿಷ್ಟ ಆಟವೊಂದು ನಡೆಯುತ್ತದೆಯೇ ಎಂದು ತಿಳಿಯಲು ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಆಟಗಾರರೇ ಬರೆದ ವರದಿಗಳನ್ನು, ಅವರ ಕಾರ್ಡು ಮತ್ತು ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ವಿವರಗಳ ಸಮೇತ ನೋಡಬಹುದು. ಎಪಿಕ್ ಮತ್ತು ಜಿಒಜಿ ಅಂಗಡಿಗಳಲ್ಲಿ ಕೊಂಡ ಆಟಗಳಿಗೆ ಹೀರೋಯಿಕ್ ಎಂಬ ಮುಕ್ತ ತಂತ್ರಾಂಶವಿದೆ.

ಇನ್ನು ನಡೆಯದ ಆಟಗಳ ಮಾತು. ಇದನ್ನು ಮುಚ್ಚಿಟ್ಟು ಲಿನಕ್ಸಿನ ಪರವಾಗಿ ವಾದಿಸುವುದು ಓದುಗರಿಗೆ ಮಾಡುವ ಅನ್ಯಾಯ. ವ್ಯಾಲರಂಟ್ ನಡೆಯುವುದಿಲ್ಲ, ಫೋರ್ಟ್‌ನೈಟ್ ನಡೆಯುವುದಿಲ್ಲ, ಕಾಲ್ ಆಫ್ ಡ್ಯೂಟಿಯ ಇತ್ತೀಚಿನ ಆನ್‌ಲೈನ್ ಆಟಗಳು ನಡೆಯುವುದಿಲ್ಲ. ಜಿಟಿಎ 5ರ ಕಥೆಯ ಭಾಗ ಸೊಗಸಾಗಿ ನಡೆಯುತ್ತದೆ, ಆದರೆ ಅದರ ಆನ್‌ಲೈನ್ ಭಾಗಕ್ಕೆ 2024ರ ಸೆಪ್ಟೆಂಬರಿನಿಂದ ಪ್ರವೇಶವಿಲ್ಲ. ನಮ್ಮ ಊರುಗಳ ಹುಡುಗರು ಹೆಚ್ಚಾಗಿ ಕೂಡಿ ಆಡುವುದು ಇವನ್ನೇ ಆದ್ದರಿಂದ ಈ ಕೊರತೆ ಸಣ್ಣದಲ್ಲ. ಸ್ನೇಹಿತರೆಲ್ಲ ಸಂಜೆ ವ್ಯಾಲರಂಟ್ ಆಡುವಾಗ ಒಬ್ಬನೇ ಹೊರಗುಳಿಯುವುದು ಹದಿನೆಂಟರ ವಯಸ್ಸಿನಲ್ಲಿ ಎಷ್ಟು ಕಷ್ಟವೆಂದು ನನಗೆ ಗೊತ್ತಿದೆ. ಅಂಥವರು ವಿಂಡೋಸನ್ನು ಒಂದು ಡಿಸ್ಕಿನಲ್ಲಿ ಉಳಿಸಿಕೊಂಡು ಇನ್ನೊಂದರಲ್ಲಿ ಲಿನಕ್ಸ್ ಹಾಕಿಕೊಳ್ಳುವುದು ಲೇಸು. ವಿಂಡೋಸ್ 10ರ ಹೆಚ್ಚುವರಿ ಅಪ್‌ಡೇಟುಗಳ ಗಡುವು ಮುಗಿದ ಮೇಲೆ ಅದನ್ನು ಬ್ಯಾಂಕಿನ ವ್ಯವಹಾರ, ಇ-ಮೇಲ್‌ಗಳಿಗೆ ಬಳಸಬಾರದು.

ಆದರೆ ಈ ಆಟಗಳು ಏಕೆ ನಡೆಯುವುದಿಲ್ಲ ಎಂಬುದನ್ನು ನೋಡಬೇಕು. ಮೋಸದಿಂದ ಗೆಲ್ಲುವವರನ್ನು ಹಿಡಿಯಲು ಈ ಆಟಗಳು ಆ್ಯಂಟಿ-ಚೀಟ್ ಎಂಬ ಕಾವಲು ತಂತ್ರಾಂಶವನ್ನು ಇಟ್ಟುಕೊಂಡಿವೆ. ಈ ಪೈಕಿ ಹೆಚ್ಚು ಬಳಕೆಯಲ್ಲಿರುವ ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ ಎರಡೂ 2021ರಿಂದಲೇ ಪ್ರೋಟಾನ್‌ನೊಂದಿಗೆ ಕೆಲಸ ಮಾಡಬಲ್ಲವು. ಆಟದ ಕಂಪನಿ ಒಪ್ಪಿದರೆ ಸಾಕು. ಎಲ್ಡನ್ ರಿಂಗ್‌ನವರು ಒಪ್ಪಿದರು. ಜಿಟಿಎ ಆನ್‌ಲೈನ್‌ಗೆ ಬ್ಯಾಟಲ್‌ಐ ಸೇರಿಸಿದ ರಾಕ್‌ಸ್ಟಾರ್ ಒಪ್ಪಲಿಲ್ಲ. ಈಸಿ ಆ್ಯಂಟಿ-ಚೀಟ್‌ನ ಒಡೆತನ ಹೊಂದಿರುವ ಎಪಿಕ್ ಕಂಪನಿಯೇ ತನ್ನ ಫೋರ್ಟ್‌ನೈಟ್‌ಗೆ ಆ ಒಪ್ಪಿಗೆ ಕೊಟ್ಟಿಲ್ಲ. ಏಪೆಕ್ಸ್ ಲೆಜೆಂಡ್ಸ್ ಎರಡು ವರ್ಷಕ್ಕೂ ಹೆಚ್ಚು ಕಾಲ ಲಿನಕ್ಸಿನಲ್ಲಿ ನಡೆದು, 2024ರ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ಮುಚ್ಚಿತು. ಲಿನಕ್ಸಿನ ಒಳಭಾಗವನ್ನು ಯಾರು ಬೇಕಾದರೂ ಬದಲಿಸಿಕೊಳ್ಳಬಹುದು, ಹಾಗಾಗಿ ಅಲ್ಲಿ ಮೋಸವನ್ನು ಪತ್ತೆಹಚ್ಚುವುದು ಕಷ್ಟ ಎಂಬುದು ಆ ಕಂಪನಿಗಳ ವಾದ. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ವಿಂಡೋಸಿನ ಅತ್ಯಂತ ಒಳಪದರದಲ್ಲಿ ಕಾವಲು ಕೂತಿರುವ ಆಟಗಳಲ್ಲೂ ಮೋಸಗಾರರು ಇದ್ದೇ ಇದ್ದಾರೆ. ಕಂಪ್ಯೂಟರಿಗೆ ಒಂದು ಹೆಚ್ಚುವರಿ ಕಾರ್ಡು ಸಿಕ್ಕಿಸಿ, ಇನ್ನೊಂದು ಕಂಪ್ಯೂಟರಿನಿಂದ ಆಟದ ಮೆಮೊರಿಯನ್ನು ಓದುವಷ್ಟು ಮುಂದೆ ಹೋಗಿದ್ದಾರೆ. ಗೋಡೆಯಾಚೆಗಿನ ಎದುರಾಳಿ ಆಟಗಾರನಿಗೆ ಕಾಣಬಾರದಿದ್ದರೆ, ಆ ಎದುರಾಳಿ ಇರುವ ಜಾಗವನ್ನು ಸರ್ವರು ಅವನ ಕಂಪ್ಯೂಟರಿಗೆ ಕಳಿಸದೇ ಇರುವುದು ಹೆಚ್ಚು ಭದ್ರವಾದ ಕ್ರಮ. ಅದಕ್ಕೆ ಕಂಪನಿಯ ಕಡೆಯಿಂದ ಖರ್ಚಾಗುತ್ತದೆ. ಒಳಪದರದ ಕಾವಲಿಗಾದರೋ ಬೆಲೆ ತೆರುವವರು ಆಟಗಾರರು.

ಅದು ಎಂಥ ಬೆಲೆ ಎಂದು ತಿಳಿಯಲು 2024ರ ಜುಲೈ 19ನ್ನು ನೆನೆದರೆ ಸಾಕು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಯುಕ್ತ ಅಪ್‌ಡೇಟಿನಿಂದ, ಮೈಕ್ರೊಸಾಫ್ಟಿನ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಗೇ ಕುಸಿದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಅದು ಆಟದ ತಂತ್ರಾಂಶವಲ್ಲ, ಆದರೆ ಕೂತಿದ್ದದ್ದು ಅದೇ ಒಳಪದರದಲ್ಲಿ. ಮನರಂಜನೆಗೆಂದು ಕೊಂಡ ಒಂದು ಆಟಕ್ಕೆ ಮನೆಯ ಕಂಪ್ಯೂಟರಿನಲ್ಲಿ ಅಷ್ಟು ಆಳದ ಅಧಿಕಾರ ಕೊಡಬೇಕೇ ಎಂದು ಪೋಷಕರೂ ಆಟಗಾರರೂ ಕೇಳಿಕೊಳ್ಳಬೇಕು.

ಬದಲಾಯಿಸಲು ಹೊರಟವರಿಗೆ ಕೆಲವು ಮಾತುಗಳು. ಲಿನಕ್ಸಿನ ಹಲವು ರೂಪಗಳಲ್ಲಿ ಲಿನಕ್ಸ್ ಮಿಂಟ್ ಮನೆಬಳಕೆಗೆ ಸುಲಭ. ಅದರ 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ಆಟವೇ ಮುಖ್ಯವಾದವರಿಗೆ ಫೆಡೊರಾ ಆಧರಿಸಿದ ಬಜೈಟ್ ಒಪ್ಪುತ್ತದೆ. ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ, ವೈ-ಫೈ, ಧ್ವನಿ, ಚಿತ್ರ ಸರಿಯಿವೆಯೇ ಎಂದು ನೋಡಿ, ಕಡತಗಳ ಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಡಿಸ್ಕಿಗೆ ಹಾಕಬೇಕು. ವಿಂಡೋಸಿನ ಎನ್‌ಟಿಎಫ್‌ಎಸ್ ಎಂಬ ಕಡತ ವ್ಯವಸ್ಥೆಯಿರುವ ಡಿಸ್ಕಿನ ಭಾಗದಲ್ಲಿರುವ ಆಟಗಳನ್ನು ಅಲ್ಲಿಂದಲೇ ಓಡಿಸಲು ಹೋಗಿ ತೊಂದರೆಗೆ ಸಿಕ್ಕಿಕೊಳ್ಳುವವರು ಬಹಳ. ಆಟಗಳನ್ನು ಲಿನಕ್ಸಿನ ಭಾಗಕ್ಕೇ ಹೊಸದಾಗಿ ಇಳಿಸಿಕೊಳ್ಳುವುದು ಒಳ್ಳೆಯದು. ಡಿಎಕ್ಸ್‌ವಿಕೆಯ ಈಗಿನ ಆವೃತ್ತಿಗಳಿಗೆ ವಲ್ಕನ್ 1.3 ಬೇಕಾದ್ದರಿಂದ ಜಿಟಿಎಕ್ಸ್ 600ರ ಸರಣಿಯಂಥ ಬಹಳ ಹಳೆಯ ಕಾರ್ಡುಗಳಿಗೆ ಈ ದಾರಿ ಹೊಂದುವುದಿಲ್ಲ. 1050 ಟಿಐ ಕಾರ್ಡಿಗೆ ತೊಂದರೆಯಿಲ್ಲ, ಆದರೆ ಡೈರೆಕ್ಟ್‌ಎಕ್ಸ್ 12 ಬಳಸುವ ಆಟಗಳಲ್ಲಿ ಆ ಪೀಳಿಗೆಯ ಎನ್‌ವಿಡಿಯಾ ಕಾರ್ಡುಗಳ ವೇಗ ವಿಂಡೋಸಿಗಿಂತ ತಗ್ಗುತ್ತದೆ. ಎಎಂಡಿ ಕಾರ್ಡಿನವರಿಗೆ ಡ್ರೈವರ್ ಲಿನಕ್ಸಿನ ಜೊತೆಗೇ ಬರುವುದರಿಂದ ಎಲ್ಲವೂ ಹಗುರ. ಅದೇ ಕಂಪ್ಯೂಟರಿನಲ್ಲಿ ಮನೆಯವರು ಕನ್ನಡದ ಕೆಲಸವನ್ನೂ ಮಾಡುವುದಾದರೆ, ಕಗಪ ವಿನ್ಯಾಸದ ಕೀಲಿಮಣೆ ಲಿನಕ್ಸಿನಲ್ಲೂ ಸಿಗುತ್ತದೆ. ಯುನಿಕೋಡ್ ಅಲ್ಲದ ಹಳೆಯ ನುಡಿ ಕಡತಗಳನ್ನು ಮಾತ್ರ ಮೊದಲೇ ಪರಿವರ್ತಿಸಿಟ್ಟುಕೊಳ್ಳಬೇಕು.

ಸ್ಟೀಮ್ ಆಗಲಿ ಅದರಲ್ಲಿ ಮಾರುವ ಬಹುತೇಕ ಆಟಗಳಾಗಲಿ ಮುಕ್ತ ತಂತ್ರಾಂಶಗಳಲ್ಲ, ಹಾಗಿದ್ದ ಮೇಲೆ ಈ ಬದಲಾವಣೆಗೆ ಏನು ಅರ್ಥ ಎಂದು ಕೇಳುವ ಗೆಳೆಯರಿದ್ದಾರೆ. ಅವರ ಆಕ್ಷೇಪ ಸರಿಯಾದದ್ದೇ. ಆದರೂ ಯಂತ್ರವನ್ನು ನಡೆಸುವ ತಳಹದಿ ಮುಕ್ತವಾಗಿದ್ದರೆ, ಈ ಕಂಪ್ಯೂಟರಿಗೆ ಇಂದಿನಿಂದ ಬೆಂಬಲವಿಲ್ಲ ಎಂದು ಒಂದೇ ಕಂಪನಿ ತೀರ್ಮಾನಿಸುವ ಅಧಿಕಾರವಾದರೂ ತಪ್ಪುತ್ತದೆ. ಕಳ್ಳ ಕೀಲಿ ಹಾಕಿದ ವಿಂಡೋಸಿನೊಂದಿಗೆ ಬರುವ ಕುತಂತ್ರಾಂಶಗಳ ಕಾಟವೂ ತಪ್ಪುತ್ತದೆ. ಇದು ನಾವು ಬಾಯಿಬಿಟ್ಟು ಹೇಳದಿದ್ದರೂ ನಮ್ಮಲ್ಲಿ ವ್ಯಾಪಕವಾಗಿರುವ ರೋಗ.

ಕೊನೆಯದಾಗಿ, ನಮ್ಮ ರಾಜ್ಯದಲ್ಲೇ ಆಗಬಹುದಾದ ಒಂದು ಕೆಲಸ. ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆ ದೇಶದಲ್ಲಿ ಮೊದಲು ನೀತಿ ರೂಪಿಸಿದ್ದು ಕರ್ನಾಟಕ, 2012ರಲ್ಲಿ. ಈಗ 2024–29ರ ಅವಧಿಯ ನೀತಿ ಜಾರಿಯಲ್ಲಿದೆ. ಆಟ ತಯಾರಿಸುವ ಯುವಕರಿಗೆ ಸರ್ಕಾರ ನೆರವು ನೀಡುವಾಗ, ತಯಾರಾದ ಆಟವನ್ನು ಲಿನಕ್ಸಿನಲ್ಲೂ ಪರೀಕ್ಷಿಸಿ ಬಿಡುಗಡೆ ಮಾಡಬೇಕೆಂದು ಸೂಚಿಸಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ. ಆಟದ ನಡುವೆ ಬರುವ ವಿಡಿಯೊಗಳನ್ನು ವಿಂಡೋಸಿಗೆ ಮಾತ್ರ ತಿಳಿಯುವ ಕ್ರಮದಲ್ಲಿ ತೆರೆಯುವುದರಿಂದಲೇ ಎಷ್ಟೋ ಆಟಗಳು ಪ್ರೋಟಾನ್‌ನಲ್ಲಿ ಚಿತ್ರದ ಬದಲು ಬಣ್ಣದ ಪಟ್ಟಿಗಳನ್ನು ತೋರಿಸುತ್ತವೆ. ಮುಕ್ತ ವಿಡಿಯೊ ಕ್ರಮ ಆರಿಸಿಕೊಂಡರೆ ಆ ತೊಂದರೆ ಆರಂಭದಲ್ಲೇ ಇಲ್ಲವಾಗುತ್ತದೆ. ತರಬೇತಿ ಕೇಂದ್ರಗಳಲ್ಲಿ ಗೊಡೊ ಮತ್ತು ಬ್ಲೆಂಡರ್‌ನಂಥ ಮುಕ್ತ ಸಾಧನಗಳನ್ನು ಲಿನಕ್ಸ್ ಯಂತ್ರಗಳ ಮೇಲೆಯೇ ಕಲಿಸಿದರೆ, ದುಬಾರಿ ಪರವಾನಗಿ ಕೊಳ್ಳಲಾಗದ ಜಿಲ್ಲಾ ಕೇಂದ್ರಗಳ ವಿದ್ಯಾರ್ಥಿಗಳಿಗೂ ಈ ವೃತ್ತಿಯ ಬಾಗಿಲು ತೆರೆಯುತ್ತದೆ. ಮಾಹಿತಿ ತಂತ್ರಜ್ಞಾನ ಸಚಿವರು ಇದನ್ನು ಪರಿಶೀಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ತಂತ್ರಜ್ಞಾನ ಪುಟದಲ್ಲಿ ಲಿನಕ್ಸ್ ಅಳವಡಿಸುವ ಕ್ರಮವನ್ನು ಚಿತ್ರಸಹಿತವಾಗಿ ಕನ್ನಡದಲ್ಲಿ ಕೆಲವು ವಾರ ಪ್ರಕಟಿಸಬೇಕೆಂದು ತಮ್ಮನ್ನೂ ವಿನಂತಿಸುತ್ತೇನೆ. ಅದಕ್ಕೆ ಬೇಕಾದ ಬರಹವನ್ನು ಸಿದ್ಧಪಡಿಸಿಕೊಡಲು ನಾನು ಸಂತೋಷದಿಂದ ಒಪ್ಪುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗಣಕವಿಜ್ಞಾನ ಉಪನ್ಯಾಸಕ, ಹಾಸನ