ಅಪ್ಪ ವಿಡಿಯೋದಲ್ಲಿ ಇರಲ್ಲ ಅಂತ ಬರೆದೆಯಲ್ಲ, ಅದಕ್ಕೆ

ಪ್ರೀತಿಯ ಪುಟ್ಟಿ,

ಗುಬ್ಬಿಯಿಂದ ನಿನ್ನ ಅತ್ತೆಯ ಆಶೀರ್ವಾದಗಳು.

ಛತ್ರ, ಸೀರೆ, ಅಡುಗೆಯವರ ವಿಷಯ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಕೊನೆಯಲ್ಲಿ, ಸುಮ್ನೆ ಅನ್ನುವ ಹಾಗೆ ಒಂದು ಮಾತು ಬರೆದಿದ್ದೀಯ. ಅಕ್ಕನ ಮದುವೆ ವಿಡಿಯೋ ಪೂರ್ತಿ ನೋಡಿದೆ, ಅಪ್ಪ ಎಲ್ಲೂ ಇಲ್ಲ, ನನ್ನದರಲ್ಲೂ ಹಾಗೇ ಆದರೆ ಏನು ಮಾಡಲಿ ಅತ್ತೆ ಅಂತ. ಅದನ್ನು ಓದಿದಾಗಿನಿಂದ ನನಗೆ ಬೇರೆ ಕೆಲಸ ಕೈಗೆ ಹತ್ತುತ್ತಿಲ್ಲ.

ನಾನೂ ಆ ವಿಡಿಯೋ ಇನ್ನೊಂದು ಸಲ ಹಾಕಿ ನೋಡಿದೆ. ಎಲ್ಲೂ ಇಲ್ಲ ಅನ್ನುವ ಹಾಗಿಲ್ಲ. ಧಾರೆ ಎರೆಯುವಾಗ ಇದ್ದಾನೆ. ಆದರೆ ಕ್ಯಾಮೆರಾ ಇರುವುದು ಕೈಗಳ ಮೇಲೆ, ತೆಂಗಿನಕಾಯಿ ಮೇಲೆ, ಸುರಿಯುವ ಹಾಲಿನ ಮೇಲೆ. ಅವನ ಉಂಗುರ ಕಂಡಷ್ಟು ಮುಖ ಕಾಣುವುದಿಲ್ಲ. ಆಮೇಲೆ ಅವನು ಅಡುಗೆಮನೆ, ಗೇಟು, ಬೀಗರ ರೂಮು ಅಂತ ಓಡುತ್ತಲೇ ಇದ್ದ. ಕ್ಯಾಮೆರಾದವರು ವೇದಿಕೆ ಬಿಟ್ಟು ಇಳಿಯಲಿಲ್ಲ, ಇವನು ವೇದಿಕೆ ಹತ್ತಿ ನಿಲ್ಲಲಿಲ್ಲ.

ನಿಮ್ಮ ತಾತನದೂ ಇದೇ ಕಥೆ ಕಣೇ. 1993ರಲ್ಲಿ ನನ್ನ ಮದುವೆಗೆ ತುಮಕೂರಿನಿಂದ ವಿಡಿಯೋದವರನ್ನು ಕರೆಸಿದ್ದರು. ಆಗ ಅದೇ ದೊಡ್ಡಸ್ತಿಕೆ. ಹೆಗಲ ಮೇಲೆ ಕ್ಯಾಮೆರಾ ಹೊತ್ತವನು ಒಬ್ಬ, ಹಾಲೋಜನ್ ಲೈಟು ಹಿಡಿದು ಉದ್ದಕ್ಕೂ ವೈರ್ ಎಳೆದುಕೊಂಡು ಬರುವವನು ಇನ್ನೊಬ್ಬ. ಪಂಕ್ತಿಯಲ್ಲಿ ಲೈಟು ಬಿದ್ದವರೆಲ್ಲ ತುತ್ತು ಕೈಯಲ್ಲೇ ಹಿಡಿದು ಕಣ್ಣು ಕಿರಿದು ಮಾಡಿಕೊಂಡು ಕೂರುತ್ತಿದ್ದರು. ಆ ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ನಿಮ್ಮ ತಾತ ಒಂದೇ ಕಡೆ ಸರಿಯಾಗಿ ಕಾಣುತ್ತಾರೆ. ಕೈಯಲ್ಲಿ ಸಾರಿನ ಬಕೆಟ್. ಎಲೆ ಮುಂದೆ ಕೂತ ಯಾರಿಗೋ ಬಗ್ಗಿ ಏನೋ ಅನ್ನುತ್ತಾರೆ, ಆ ಮನುಷ್ಯ ಬಿದ್ದು ಬಿದ್ದು ನಗುತ್ತಾನೆ. ಏನು ಅಂದರು ಅಂತ ಕೇಳಿಸುವುದಿಲ್ಲ. ಮಿಕ್ಸಿಂಗ್ ಮಾಡುವಾಗ ಊಟದ ಭಾಗಕ್ಕೆಲ್ಲ ಸಿನಿಮಾ ಹಾಡು ಹಾಕಿಬಿಟ್ಟಿದ್ದರು. ಮೂಲ ಕ್ಯಾಸೆಟ್ ಕೇಳಿದರೆ, ಅದರ ಮೇಲೆ ಬೇರೆ ಮದುವೆ ತೆಗೆದಾಯಿತು ಅಂದರು. ಆಗ ನಮಗೂ ಅದು ದೊಡ್ಡದು ಅನ್ನಿಸಲಿಲ್ಲ. ಅಪ್ಪ ಮನೆಯಲ್ಲೇ ಇದ್ದರಲ್ಲ, ದಿನಾ ಮಾತಾಡುತ್ತಿದ್ದರು. ಈಗ ಅವರ ಫೋಟೋ ಬೇಕಾದಷ್ಟಿವೆ, ದನಿ ಮಾತ್ರ ಎಲ್ಲೂ ಇಲ್ಲ.

ಅದಕ್ಕೇ, ವಿಡಿಯೋದವರ ಹತ್ತಿರ ಮಾತಾಡುವಾಗ ಮೊದಲು ದನಿಯ ಬಗ್ಗೆ ಕೇಳು. ಹಾಡು ಹಾಕಿದ ಐದು ನಿಮಿಷದ ಹೈಲೈಟ್ ತೋರಿಸುತ್ತಾರೆ, ಅದರಲ್ಲಿ ಎಲ್ಲರ ಮದುವೆಯೂ ಚೆನ್ನಾಗಿಯೇ ಇರುತ್ತದೆ. ಯಾವುದಾದರೂ ಒಂದು ಮದುವೆಯ ಪೂರ್ತಿ ವಿಡಿಯೋ ತೋರಿಸಿ ಅನ್ನು. ಊಟದ ಹಾಲ್ ಹೇಗಿದೆ, ಒಪ್ಪಿಸಿಕೊಡುವಾಗ ಅಳುವುದು ಕೇಳಿಸುತ್ತದಾ, ಇಲ್ಲ ಅಲ್ಲೂ ಪಿಟೀಲು ಹಾಕಿದ್ದಾರಾ, ನೋಡು. ಷರಟಿಗೆ ಸಿಕ್ಕಿಸುವ ಸಣ್ಣ ವೈರ್‌ಲೆಸ್ ಮೈಕುಗಳು ಈಗ ಬಂದಿವೆ. ಪುರೋಹಿತರಿಗೂ ಹುಡುಗನಿಗೂ ಹಾಕುತ್ತಾರೆ. ಬೆಳಗ್ಗೆ ಸ್ವಲ್ಪ ಹೊತ್ತು ನಿಮ್ಮಪ್ಪನಿಗೂ ಒಂದು ಹಾಕಲಿ. ಬೈದಾಡಿದ್ದೆಲ್ಲ ರೆಕಾರ್ಡ್ ಆಗುತ್ತದೆ ಅಂತ ನಿಮ್ಮಮ್ಮ ಬೇಡ ಅನ್ನಬಹುದು. ಆಗಲಿ ಬಿಡು.

ಎಡಿಟ್ ಮಾಡದ ಫುಟೇಜ್ ಪೂರ್ತಿ ಹಾರ್ಡ್ ಡಿಸ್ಕಿಗೆ ಹಾಕಿಕೊಡಬೇಕು ಅಂತ ಅಡ್ವಾನ್ಸ್ ಕೊಡುವಾಗಲೇ ಬರೆಸಿಕೋ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದವಳ ಚಾಳಿ ಅಂದುಕೊಂಡರೂ ಸರಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ದುಡ್ಡು ಕೊಟ್ಟು ತೆಗೆಸಿದ ಫೋಟೋ, ಫಿಲ್ಮಿನ ಹಕ್ಕು ತೆಗೆಸಿದವರದ್ದೇ, ಬೇರೆ ಥರ ಒಪ್ಪಂದ ಮಾಡಿಕೊಂಡಿದ್ದರೆ ಮಾತ್ರ ಬೇರೆ. ಹಾಗಾಗಿ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದದೆ ಸಹಿ ಮಾಡಬೇಡ. ಬಾಕಿ ದುಡ್ಡು ಡಿಸ್ಕ್ ಕೈಗೆ ಬಂದ ಮೇಲೆ. ಇದನ್ನೆಲ್ಲ ನಿನಗೆ ನಾನು ಹೇಳಬೇಕಾ, ನೀನು ಬೆಂಗಳೂರಿನಲ್ಲಿ ಕೆಲಸ ಮಾಡುವವಳು.

ಮತ್ತೆ ಅಪ್ಪನ ವಿಷಯಕ್ಕೇ ಬರುತ್ತೇನೆ. ಅವನನ್ನು ನಿಲ್ಲಿಸಿ ತೆಗೆಸಲು ಹೋಗಬೇಡ. ಕ್ಯಾಮೆರಾ ಮುಂದೆ ನಿಂತರೆ ಆಧಾರ್ ಕಾರ್ಡಿನ ಫೋಟೋ ಥರ ಆಗಿಬಿಡುತ್ತಾನೆ. ಎರಡು ಕ್ಯಾಮೆರಾ ಬರುತ್ತವಲ್ಲ, ಒಂದು ವೇದಿಕೆ ನೋಡಿಕೊಳ್ಳಲಿ. ಇನ್ನೊಂದರ ಹುಡುಗ ಬೆಳಗ್ಗೆ ಸ್ವಲ್ಪ ಹೊತ್ತು ಇವನ ಹಿಂದೆ ಸುತ್ತಲಿ, ಹಾಲಿನವನ ಹತ್ತಿರ ಲೆಕ್ಕ ಮಾಡುವಾಗ, ಬೀಗರಿಗೆ ಕಾಫಿ ಆಯ್ತಾ ಅಂತ ಕೇಳುವಾಗ. ಧಾರೆಯ ಸಮಯದಲ್ಲಿ ಒಂದು ಕ್ಯಾಮೆರಾ ಕೈ ಮೇಲಿದ್ದರೆ ಇನ್ನೊಂದು ಮುಖದ ಮೇಲಿರಲಿ. ಮೊದಲೇ ಹೇಳದಿದ್ದರೆ ಇಬ್ಬರೂ ಹಾಲನ್ನೇ ತೆಗೆಯುತ್ತಾರೆ.

ಹೇಳುವುದಾದರೂ ಯಾರಿಗೆ, ಅದೂ ಒಂದು ಪ್ರಶ್ನೆ. ನಿನ್ನದು ಶ್ರಾವಣದ ಮದುವೆ. ಆಷಾಢ ಕಳೆದ ಮೇಲೆ ಒಳ್ಳೆ ಮುಹೂರ್ತದ ದಿನ ಒಂದೇ ಸ್ಟುಡಿಯೋದವರು ಎರಡು ಮೂರು ಛತ್ರ ಒಪ್ಪಿಕೊಂಡಿರುತ್ತಾರೆ. ಮಾತಾಡಿದವನು ಒಬ್ಬ, ಬರುವವನು ಇನ್ನೊಬ್ಬ. ಅವತ್ತು ಕ್ಯಾಮೆರಾ ಹಿಡಿಯುವವರು ಯಾರೋ ಅವರನ್ನೇ ಮುಂಚೆ ಒಂದು ಸಲ ಮನೆಗೆ ಕರೆಸು.

ಡ್ರೋನ್ ಬೇಕಾ ಅಂತ ಕೇಳಿದ್ದೀಯ. ನನ್ನನ್ನು ಕೇಳಿದರೆ ಬೇಡ. 250 ಗ್ರಾಂ ಒಳಗಿನದಕ್ಕೆ ಪೈಲಟ್ ಸರ್ಟಿಫಿಕೇಟ್ ಬೇಕಿಲ್ಲ, ಅದಕ್ಕಿಂತ ಜಾಸ್ತಿ ತೂಕದ್ದನ್ನು ಹೀಗೆ ದುಡ್ಡು ತಗೊಂಡು ಹಾರಿಸುವುದಾದರೆ ಬೇಕು ಅಂತ 2021ರ ನಿಯಮ. ಶ್ರಾವಣದಲ್ಲಿ ಮಳೆ ಬಂದರೆ ಅದು ಮೇಲೇಳುವುದೂ ಇಲ್ಲ. ಎದ್ದರೂ ಬಿ.ಎಚ್. ರಸ್ತೆಯ ಟ್ರಾಫಿಕ್ಕು, ಛತ್ರದ ಮೇಲಿನ ಸಿಂಟೆಕ್ಸ್ ಟ್ಯಾಂಕು ಕಾಣುತ್ತವೆ, ನಿಮ್ಮಪ್ಪನ ಬೋಳುತಲೆ ಕಂಡರೆ ಅದು ಪುಣ್ಯ. ಗುಬ್ಬಿ ವೀರಣ್ಣನವರ ಊರಿನಲ್ಲಿ ಕೂತು ನಾಟಕ ಬೇಡ ಅನ್ನಬಾರದು, ಆದರೂ ಮದುವೆಯಲ್ಲಿ ಕ್ಯಾಮೆರಾಗೋಸ್ಕರ ಮೂರು ಸಲ ಹಿಂದೆ ಹೋಗಿ ಮೂರು ಸಲ ನಡೆದುಬರುವುದು ನನಗೆ ಯಾಕೋ ಹಿಡಿಸುವುದಿಲ್ಲ. ನಿಮ್ಮ ಕಾಲ, ನಿಮ್ಮ ಇಷ್ಟ. ಆ ದುಡ್ಡಿಗೆ ಊಟದ ಹಾಲಿಗೆ ಇನ್ನೊಬ್ಬ ಕ್ಯಾಮೆರಾದವನು ಬರುತ್ತಾನಾ ಅಂತ ಒಂದು ಮಾತು ಕೇಳಿ ನೋಡು.

ಇಷ್ಟೆಲ್ಲ ಮಾಡಿದರೂ ಅವನು ತಪ್ಪಿಸಿಕೊಳ್ಳಬಹುದು. ನನ್ನ ತಮ್ಮ, ನನಗೆ ಗೊತ್ತಿಲ್ಲವಾ? ಅಡುಗೆಯವರ ಜವಾಬ್ದಾರಿ ಅವತ್ತು ನಿಮ್ಮ ಮಾವನೇ ನೋಡಿಕೊಳ್ಳುತ್ತಾರಂತೆ, ಗೇಟಿನ ಹತ್ತಿರ ನಾನು ನಿಲ್ಲುತ್ತೇನೆ. ವಿಡಿಯೋ ಹುಡುಗನ ನಂಬರ್ ಸಿಕ್ಕಿದ ಮೇಲೆ ನನಗೂ ಕಳಿಸು. ನಿಮ್ಮಪ್ಪನ ಫೋಟೋ ಅವನಿಗೆ ನಾನೇ ವಾಟ್ಸಾಪ್ ಮಾಡುತ್ತೇನೆ. ನೀನು ಕಳಿಸಿದರೆ ಅಪ್ಪನಿಗೆ ಹೇಳಿಬಿಡುತ್ತೀಯ.

ನಿನ್ನ ಅತ್ತೆ